ವಿಡಿಯೊ ಕ್ಯಾಪ್ಚರ್ ಕಾರ್ಡ್ ಕೊಳ್ಳುವ ಮುನ್ನ: ತಂತಿಯಲ್ಲಿ ಬರುವ ಸಿಗ್ನಲ್ ಯಾವುದು?

ಕ್ಯಾಮೆರಾ, ವಿಸಿಆರ್‌ನಂಥ ಹೊರಗಿನ ಸಾಧನದ ವಿಡಿಯೊವನ್ನು ಕಂಪ್ಯೂಟರಿನೊಳಗೆ ತರುವುದೇ ವಿಡಿಯೊ ಕ್ಯಾಪ್ಚರ್ ಕಾರ್ಡಿನ ಕೆಲಸ. ಮನೆಯ ಕಂಪ್ಯೂಟರಿಗೆ ಅಂಥದೊಂದನ್ನು ಕೊಳ್ಳಲು ಹೊರಟವರು ಸಾಮಾನ್ಯವಾಗಿ ಮೊದಲು ನೋಡುವುದು ಡಬ್ಬಿಯ ಮೇಲೆ ದಪ್ಪಕ್ಷರಗಳಲ್ಲಿ ಅಚ್ಚಾಗಿರುವ 4ಕೆ, 60 ಎಫ್‌ಪಿಎಸ್, ಯುಎಸ್‌ಬಿ 3.0 ಎಂಬ ಘೋಷಣೆಗಳನ್ನು. ಆದರೆ ಯಾವ ಕಾರ್ಡ್ ಬೇಕೆಂಬುದನ್ನು ತೀರ್ಮಾನಿಸುವುದು ಈ ಸಂಖ್ಯೆಗಳಲ್ಲ, ಆ ಕಾರ್ಡಿಗೆ ಸಿಕ್ಕಿಸುವ ತಂತಿಯಲ್ಲಿ ಬರುವ ಸಿಗ್ನಲ್. ತೊಂಬತ್ತರ ದಶಕದ ಮದುವೆಯ ವಿಎಚ್‌ಎಸ್ ಕ್ಯಾಸೆಟ್, ಇಪ್ಪತ್ತು ವರ್ಷ ಹಿಂದಿನ ಮಿನಿಡಿವಿ ಟೇಪು, ಇಂದಿನ ಕ್ಯಾಮೆರಾದ ಎಚ್‌ಡಿಎಂಐ, ಈ ಮೂರಕ್ಕೂ ಬೇಕಾದ ಸಾಧನಗಳು ಬೇರೆ ಬೇರೆಯಾಗಿದ್ದು, ಒಂದಕ್ಕೆ ಅತ್ಯುತ್ತಮವೆನಿಸಿದ ದುಬಾರಿ ಕಾರ್ಡ್ ಇನ್ನೊಂದರ ಮುಂದೆ ಕಪ್ಪು ಪರದೆ ತೋರಿಸಿ ಸುಮ್ಮನಾಗುವುದು ಅಪರೂಪವೇನಲ್ಲ.

"ಕ್ಯಾಪ್ಚರ್ ಮತ್ತು ಎಡಿಟಿಂಗ್ ಕಾರ್ಡ್" ಎಂದು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವ ರೂಢಿ ತೊಂಬತ್ತರ ದಶಕದ್ದು. ಭಾರತದ ಟಿವಿ ಪ್ರಸಾರದಲ್ಲೂ ಕ್ಯಾಸೆಟ್ಟುಗಳಲ್ಲೂ ಬಳಕೆಯಲ್ಲಿದ್ದ ಪಾಲ್ ಪದ್ಧತಿಯ ಒಂದು ಫ್ರೇಮನ್ನು ಡಿಜಿಟಲ್ ರೂಪಕ್ಕೆ ತಂದರೆ 720 × 576 ಪಿಕ್ಸೆಲ್‌ಗಳಾಗುತ್ತವೆ. ಸೆಕೆಂಡಿಗೆ 25 ಫ್ರೇಮ್, ಪಿಕ್ಸೆಲ್‌ಗೆ ಸರಾಸರಿ 2 ಬೈಟ್ ಎಂದು ಲೆಕ್ಕ ಹಾಕಿದರೆ ಸೆಕೆಂಡಿಗೆ ಸುಮಾರು 20.7 ಎಂಬಿ, ಗಂಟೆಗೆ ಸುಮಾರು 75 ಜಿಬಿ. ಆಗಿನ ಪೆಂಟಿಯಂ ಕಂಪ್ಯೂಟರುಗಳಿಗೆ ಇಷ್ಟನ್ನು ಬಂದ ವೇಗದಲ್ಲೇ ಕುಗ್ಗಿಸುವ ತಾಕತ್ತೂ ಇರಲಿಲ್ಲ, ಕುಗ್ಗಿಸದೆ ತುಂಬಿಡಲು ಹಾರ್ಡ್ ಡಿಸ್ಕಿನಲ್ಲಿ ಜಾಗವೂ ಇರಲಿಲ್ಲ. ಆದ್ದರಿಂದ ವಿಡಿಯೊವನ್ನು ಕುಗ್ಗಿಸುವ ಚಿಪ್ಪನ್ನು ಕಾರ್ಡಿನ ಮೇಲೆಯೇ ಕೂರಿಸಲಾಗುತ್ತಿತ್ತು. ಪಿನಾಕಲ್ ಕಂಪನಿಯ ಡಿಸಿ10 ಪ್ಲಸ್ ಆ ಬಗೆಯದು. ಮೇಟ್ರಾಕ್ಸ್‌ನ ಆರ್‌ಟಿ2000 ಇನ್ನೂ ಮುಂದೆ ಹೋಗಿ, ದೃಶ್ಯದಿಂದ ದೃಶ್ಯಕ್ಕೆ ಕರಗುವಂಥ ಎಫೆಕ್ಟ್‌ಗಳನ್ನು ರೆಂಡರ್‌ಗಾಗಿ, ಅಂದರೆ ಕಂಪ್ಯೂಟರ್ ಲೆಕ್ಕ ಹಾಕಿ ಚಿತ್ರ ಸಿದ್ಧಪಡಿಸುವವರೆಗೆ, ಕಾಯಿಸದೆ ತೋರಿಸುತ್ತಿತ್ತು. ನಮ್ಮ ಮದುವೆ ವಿಡಿಯೊ ಸ್ಟುಡಿಯೊಗಳ ಎಡಿಟರುಗಳಿಗೆ ಚಿರಪರಿಚಿತವಾದ ಎಡಿಯಸ್ ತಂತ್ರಾಂಶವೂ ಹುಟ್ಟಿದ್ದು ಇಂಥ ಕಾರ್ಡುಗಳನ್ನು ತಯಾರಿಸುತ್ತಿದ್ದ ಜಪಾನಿನ ಕ್ಯಾನೊಪಸ್ ಕಂಪನಿಯಲ್ಲಿ.

ಈಗ ಆ ಜೋಡಿ ಬೇರ್ಪಟ್ಟಿದೆ. 2011ರಲ್ಲಿ ಇಂಟೆಲ್ ತನ್ನ ಪ್ರೊಸೆಸರಿನೊಳಗೇ ವಿಡಿಯೊ ಕುಗ್ಗಿಸುವ, ಬಿಡಿಸುವ ಕ್ವಿಕ್ ಸಿಂಕ್ ಎಂಬ ಘಟಕವನ್ನು ಸೇರಿಸಿತು. ಮರುವರ್ಷ ಎನ್‌ವಿಡಿಯಾದ ಗ್ರಾಫಿಕ್ಸ್ ಕಾರ್ಡುಗಳಲ್ಲಿ ವಿಡಿಯೊ ಕುಗ್ಗಿಸುವ ಎನ್‌ವಿಇಎನ್‌ಸಿ ಘಟಕ ಬಂತು. ಅಂದಿನಿಂದ ಎಡಿಟಿಂಗ್‌ನ ಭಾರ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡಿನ ಮೇಲಿದ್ದು, ಕ್ಯಾಪ್ಚರ್ ಕಾರ್ಡಿಗೆ ಉಳಿದಿರುವುದು ಹೊರಗಿನ ಸಿಗ್ನಲನ್ನು ನಿಷ್ಠೆಯಿಂದ ಒಳಗೆ ತರುವ ಕೆಲಸ ಮಾತ್ರ. ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲೋ ಆನ್‌ಲೈನ್ ಹಳೇ ಸರಕಿನ ತಾಣಗಳಲ್ಲೋ ಆ ಕಾಲದ ಎಡಿಟಿಂಗ್ ಕಾರ್ಡ್ ಕಡಿಮೆ ಬೆಲೆಗೆ ಕಂಡರೂ ಆಸೆಪಡುವಂತಿಲ್ಲ. ಅದಕ್ಕೆ ಬೇಕಾದ ಹಳೆಯ ಪಿಸಿಐ ಸ್ಲಾಟ್ ಈಗಿನ ಮದರ್‌ಬೋರ್ಡುಗಳಲ್ಲಿ ಇರುವುದಿಲ್ಲ, ಡ್ರೈವರುಗಳೂ ಬಹುಮಟ್ಟಿಗೆ ವಿಂಡೋಸ್ ಎಕ್ಸ್‌ಪಿ ಕಾಲಕ್ಕೇ ನಿಂತುಹೋಗಿವೆ. ಹಳೆಯ ಎಕ್ಸ್‌ಪಿ ಕಂಪ್ಯೂಟರನ್ನು ಇಂಟರ್‌ನೆಟ್ಟಿನಿಂದ ದೂರವಿಟ್ಟು ಕ್ಯಾಸೆಟ್ ಕೆಲಸಕ್ಕೆಂದೇ ಕಾಪಾಡಿಕೊಂಡವರ ಮಾತು ಬೇರೆ. ಅಂಥವರ ಪಾಲಿಗೆ ಈ ಕಾರ್ಡುಗಳು ಇಂದಿಗೂ ಚೆನ್ನಾಗಿಯೇ ಇವೆ.

ಕ್ಯಾಸೆಟ್ಟಿನ ಸಿಗ್ನಲ್

ಜೆವಿಸಿ ಕಂಪನಿ 1976ರಲ್ಲಿ ಹೊರತಂದ ವಿಎಚ್‌ಎಸ್ ಪದ್ಧತಿ ಅಡ್ಡಸಾಲಿನಲ್ಲಿ ಹಿಡಿದಿಡುವ ವಿವರ ಸುಮಾರು 240 ಗೆರೆಗಳಷ್ಟು. ಡಿವಿಡಿಯ ಅರ್ಧದಷ್ಟೂ ಇಲ್ಲದ ಈ ಸ್ಪಷ್ಟತೆಗೆ 720 × 576 ಧಾರಾಳವಾಗಿ ಸಾಕು, ಇದಕ್ಕೆ 4ಕೆ ಕಾರ್ಡ್ ತಂದರೆ ಹೊಸದಾಗಿ ಕಾಣುವುದು ಏನೂ ಇಲ್ಲ. ಕ್ಯಾಸೆಟ್ಟಿನ ವಿಷಯದಲ್ಲಿ ನಿಜವಾದ ತೊಡಕು ಸ್ಪಷ್ಟತೆಯದಲ್ಲ, ಸಿಗ್ನಲ್ಲಿನ ಅಸ್ಥಿರತೆಯದು. ಅದನ್ನು ಅರ್ಥಮಾಡಿಕೊಳ್ಳದೆ ಕಾರ್ಡ್ ಕೊಂಡವರೇ ಹೆಚ್ಚು ನಿರಾಶರಾಗುವುದರಿಂದ ಇದನ್ನು ಸ್ವಲ್ಪ ವಿಸ್ತಾರವಾಗಿ ನೋಡುವುದು ಒಳ್ಳೆಯದು.

ಪಾಲ್ ವಿಸಿಆರ್‌ನೊಳಗೆ ಟೇಪನ್ನು ಓದುವ ಹೆಡ್‌ಗಳನ್ನು ಹೊತ್ತ ಡ್ರಮ್ ನಿಮಿಷಕ್ಕೆ 1500 ಸುತ್ತು ತಿರುಗುತ್ತದೆ. ಪ್ರತಿ ಸುತ್ತಿಗೆ ಒಂದು ಫ್ರೇಮ್, ಸೆಕೆಂಡಿಗೆ 25. ಮೋಟಾರಿನ ವೇಗದಲ್ಲಿನ ಸಣ್ಣ ಏರಿಳಿತ, ವರ್ಷಗಟ್ಟಲೆ ಸುತ್ತಿಕೊಂಡೇ ಇದ್ದು ಹಿಗ್ಗಿದ ಟೇಪು, ಸವೆದ ರಬ್ಬರ್ ರೋಲರ್, ಇವೆಲ್ಲ ಸೇರಿ ಚಿತ್ರವನ್ನು ಕಟ್ಟುವ ಒಂದೊಂದು ಅಡ್ಡಗೆರೆಯೂ ಆರಂಭವಾಗುವ ಹೊತ್ತನ್ನು ಕೂದಲೆಳೆಯಷ್ಟು ಹಿಂದುಮುಂದು ಮಾಡುತ್ತವೆ. ಪಂಕ್ತಿಯಲ್ಲಿ ಊಟಕ್ಕೆ ಕೂತವರು ಒಬ್ಬರು ಮುಂದಕ್ಕೆ, ಒಬ್ಬರು ಹಿಂದಕ್ಕೆ ಸರಿದುಕೊಂಡಂತೆ ಗೆರೆಗಳು ಅಂಚು ತಪ್ಪುವುದರಿಂದ ನೆಟ್ಟಗೆ ನಿಂತಿರಬೇಕಾದ ಮಂಟಪದ ಕಂಬ ಅಲೆಅಲೆಯಾಗಿ ಕಾಣುತ್ತದೆ, ಚಿತ್ರದ ಮೇಲ್ತುದಿ ಒಂದು ಪಕ್ಕಕ್ಕೆ ಬಾಗುತ್ತದೆ. ಹಳೆಯ ಪಿಕ್ಚರ್ ಟ್ಯೂಬಿನ ಟಿವಿ ಈ ಓಲಾಟವನ್ನು ತಾನೂ ಅನುಸರಿಸಿ ಹೊಂದಿಕೊಳ್ಳುತ್ತಿತ್ತು. ಕ್ಯಾಪ್ಚರ್ ಚಿಪ್ಪಿಗೆ ಅಂಥ ಸಹನೆ ಇಲ್ಲ. ಗೆರೆ ಹೊತ್ತಿಗೆ ಬರದಿದ್ದರೆ ಫ್ರೇಮನ್ನೇ ಕೈಬಿಡುತ್ತದೆ, ಇಲ್ಲವೇ ಹಿಂದಿನ ಫ್ರೇಮನ್ನು ಮತ್ತೊಮ್ಮೆ ತುಂಬುತ್ತದೆ. ಹೀಗೆ ಫ್ರೇಮುಗಳು ಅಲ್ಲಲ್ಲಿ ಕಳೆದುಹೋಗುತ್ತಿರುವಾಗ ಧ್ವನಿ ಮಾತ್ರ ಅಖಂಡವಾಗಿ ದಾಖಲಾಗುವುದರಿಂದ, ನಾಂದಿಯ ಹೊತ್ತಿಗೆ ಸರಿಯಾಗಿದ್ದ ತುಟಿ ಚಲನೆ ಆರತಕ್ಷತೆಯ ಹೊತ್ತಿಗೆ ಮಾತಿನಿಂದ ಸೆಕೆಂಡುಗಟ್ಟಲೆ ದೂರ ಸರಿದಿರುತ್ತದೆ.

ಇದಕ್ಕೆ ಮದ್ದು ಟೈಮ್ ಬೇಸ್ ಕರೆಕ್ಟರ್, ಅಂದರೆ ಟಿಬಿಸಿ. ಬಂದ ಗೆರೆಗಳನ್ನು ಕ್ಷಣಕಾಲ ಮೆಮೊರಿಯಲ್ಲಿ ಹಿಡಿದಿಟ್ಟು, ಸಮಾನ ಅಂತರದಲ್ಲಿ ಹೊರಬಿಡುವುದು ಅದರ ಕೆಲಸ. ಮೇಲ್ದರ್ಜೆಯ ಕೆಲವು ಎಸ್-ವಿಎಚ್‌ಎಸ್ (ವಿಎಚ್‌ಎಸ್‌ನ ಸುಧಾರಿತ ರೂಪ) ಡೆಕ್ಕುಗಳಲ್ಲಿ ಗೆರೆಗಳ ಓಲಾಟ ತಿದ್ದುವ ಟಿಬಿಸಿ ಒಳಗೇ ಇರುತ್ತದೆ. ಇಡೀ ಫ್ರೇಮನ್ನು ಹಿಡಿದು ಬಿಡುವ ಪ್ರತ್ಯೇಕ ಪೆಟ್ಟಿಗೆಗಳು ಸ್ಟುಡಿಯೊಗಳಿಗಾಗಿ ತಯಾರಾದವು, ಈಗ ಸಿಗುವುದೂ ಕಷ್ಟ, ಸಿಕ್ಕರೆ ಬೆಲೆಯೂ ಹೆಚ್ಚು. ಮನೆಮಟ್ಟಿಗೆ ಒಂದು ಅಗ್ಗದ ಉಪಾಯವುಂಟು. ಅಟ್ಟ ಸೇರಿದ ಡಿವಿಡಿ ರೆಕಾರ್ಡರ್ ಸಿಕ್ಕರೆ ಅದನ್ನು ವಿಸಿಆರ್ ಮತ್ತು ಕ್ಯಾಪ್ಚರ್ ಸಾಧನದ ನಡುವೆ ಜೋಡಿಸಿ ಸಿಗ್ನಲನ್ನು ಅದರ ಮೂಲಕ ಹಾಯಿಸಬಹುದು. ಅನೇಕ ಮಾದರಿಗಳಲ್ಲಿ ಒಳಬಂದ ಸಿಗ್ನಲ್ ಹೊರಹೋಗುವ ಮುನ್ನ ಬಹಳಷ್ಟು ಸ್ಥಿರಗೊಳ್ಳುತ್ತದೆ. ಎಲ್ಲ ಮಾದರಿಗಳೂ ಹೀಗೆ ಮಾಡುವುದಿಲ್ಲವಾದ್ದರಿಂದ ಪ್ರಯೋಗಿಸಿಯೇ ನೋಡಬೇಕು. ನನ್ನ ಅಭಿಪ್ರಾಯದಲ್ಲಿ ದುಬಾರಿ ಕಾರ್ಡಿಗೆ ಹಣ ಹಾಕುವ ಬದಲು ಒಳ್ಳೆಯ ಸ್ಥಿತಿಯ ವಿಸಿಆರ್ ಮತ್ತು ಇಂಥದೊಂದು ಮಧ್ಯವರ್ತಿಗೆ ಹಾಕುವುದು ಹೆಚ್ಚು ಫಲ ಕೊಡುತ್ತದೆ. ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಕಂಪನಿಯೆನಿಸಿದ ಜಪಾನಿನ ಫುನಾಯ್ 2016ರ ಜುಲೈನಲ್ಲಿ ಉತ್ಪಾದನೆ ನಿಲ್ಲಿಸಿದ್ದು, ಅಂದಿನಿಂದ ಜಗತ್ತಿನಲ್ಲಿರುವ ವಿಸಿಆರ್‌ಗಳೆಲ್ಲ ಹಳೆಯವೇ ಎಂಬುದನ್ನೂ ನೆನಪಿನಲ್ಲಿಡಬೇಕು.

ಇನ್ನು ಕ್ಯಾಪ್ಚರ್ ಸಾಧನದ ಮಾತು. ಮಾರುಕಟ್ಟೆಯಲ್ಲಿ "ಈಸಿಕ್ಯಾಪ್" ಎಂಬ ಹೆಸರಿನಲ್ಲಿ ಸಿಗುವ, ಒಂದು ತುದಿಗೆ ಹಳದಿ, ಬಿಳಿ, ಕೆಂಪು ಸಾಕೆಟ್ಟುಗಳೂ ಇನ್ನೊಂದು ತುದಿಗೆ ಯುಎಸ್‌ಬಿಯೂ ಇರುವ ಕಪ್ಪು ಪ್ಲಾಸ್ಟಿಕ್ ತುಣುಕು ಎಲ್ಲರಿಗೂ ಪರಿಚಿತ. ಹೊರಗಿನಿಂದ ಎಲ್ಲವೂ ಒಂದೇ ಅಚ್ಚಿನಲ್ಲಿ ಎರೆದಂತಿರುತ್ತವೆ. ಮುಚ್ಚಳ ತೆರೆದು ಹಸಿರು ಹಲಗೆಯ ಮೇಲಿನ ಚಿಪ್ಪಿನ ಹೆಸರು ಓದಿದರೆ ಮಾತ್ರ ನಿಜ ಗೊತ್ತಾಗುತ್ತದೆ: ಒಂದರಲ್ಲಿ ಎಂಪಿಯಾ ಕಂಪನಿಯ ಇಎಂ2860, ಇನ್ನೊಂದರಲ್ಲಿ ಸಿಂಟೆಕ್‌ನ ಎಸ್‌ಟಿಕೆ1160, ಮತ್ತೊಂದರಲ್ಲಿ ಸೊಮ್ಯಾಜಿಕ್, ಮಗದೊಂದರಲ್ಲಿ ಯುಟಿವಿ007. ಪ್ರತಿಯೊಂದಕ್ಕೂ ಡ್ರೈವರ್ ಬೇರೆ, ಗುಣಮಟ್ಟ ಬೇರೆ. ಒಬ್ಬರಿಗೆ ಒಳ್ಳೆಯ ಫಲ ಕೊಟ್ಟದ್ದು ಇನ್ನೊಬ್ಬರ ಮನೆಯಲ್ಲಿ ಗುರುತೇ ಸಿಗದೆ ಕೂರುವುದಕ್ಕೆ ಕಾರಣ ಇದೇ. ಆದ್ದರಿಂದ ಕೊಳ್ಳುವಾಗ ಸಾಧನದ ಹೆಸರಿಗಿಂತ ಒಳಗಿನ ಚಿಪ್ ಯಾವುದೆಂದು ವಿಚಾರಿಸುವುದು, ಮಾರುವವರಿಗೆ ಅದು ಗೊತ್ತಿಲ್ಲದಿದ್ದರೆ ಹಿಂದಿರುಗಿಸುವ ಅವಕಾಶವಿರುವ ಕಡೆ ಮಾತ್ರ ಕೊಳ್ಳುವುದು ಕ್ಷೇಮ. ಲಿನಕ್ಸ್ ಬಳಸುವವರಿಗೆ ಇಎಂ2860 ಮತ್ತು ಎಸ್‌ಟಿಕೆ1160 ಚಿಪ್ಪುಗಳ ಬೆಂಬಲ ಕರ್ನಲ್‌ನಲ್ಲೇ ಇದ್ದು, ಸಿಡಿಯಲ್ಲಿ ಬರುವ ಅನುಮಾನಾಸ್ಪದ ಡ್ರೈವರುಗಳ ಗೊಡವೆಯೇ ಇರುವುದಿಲ್ಲ. ಎಲ್ಗಾಟೊ, ಹೌಪಾಜ್, ಐಒ-ಡೇಟಾದಂಥ ಹೆಸರಿರುವ ಕಂಪನಿಗಳ ಯುಎಸ್‌ಬಿ ಸಾಧನಗಳಲ್ಲಿ ಈ ಅನಿಶ್ಚಿತತೆ ಕಡಿಮೆ, ಡ್ರೈವರಿನ ಹೊಣೆ ಹೊರುವವರೂ ಇರುತ್ತಾರೆ. ಕೊಟ್ಟ ಹೆಚ್ಚುವರಿ ಹಣ ಬಹುಮಟ್ಟಿಗೆ ಇದಕ್ಕೇ ಸಲ್ಲುತ್ತದೆ.

ಹಳದಿ ಸಾಕೆಟ್ ಮತ್ತು ಎಸ್-ವಿಡಿಯೊ ಎರಡೂ ಇರುವ ಸಾಧನದಲ್ಲಿ ಯಾವುದನ್ನು ಬಳಸಬೇಕೆಂಬ ಪ್ರಶ್ನೆ ಏಳುತ್ತದೆ. ಟೇಪಿನ ಮೇಲೆ ಬೆಳಕಿನ ಮಾಹಿತಿಯೂ ಬಣ್ಣದ ಮಾಹಿತಿಯೂ ಬೇರೆ ಬೇರೆ ಆವರ್ತನಗಳಲ್ಲಿ ದಾಖಲಾಗಿರುತ್ತವೆ. ಪಾಲ್ ವಿಎಚ್‌ಎಸ್‌ನಲ್ಲಿ ಬಣ್ಣ ಕೂತಿರುವುದು 627 ಕಿಲೊಹರ್ಟ್ಸ್ ಸುತ್ತಮುತ್ತ. ಹಳದಿ ಸಾಕೆಟ್ಟಿಗೆ ಕಳುಹಿಸುವಾಗ ವಿಸಿಆರ್ ಆ ಬಣ್ಣವನ್ನು 4.43 ಮೆಗಾಹರ್ಟ್ಸ್‌ಗೆ ಏರಿಸಿ ಬೆಳಕಿನೊಂದಿಗೆ ಬೆರೆಸುತ್ತದೆ, ಕ್ಯಾಪ್ಚರ್ ಚಿಪ್ ಮತ್ತೆ ಬೇರ್ಪಡಿಸಲು ಹೆಣಗುತ್ತದೆ. ಎಸ್-ವಿಡಿಯೊದಲ್ಲಿ ಎರಡೂ ಪ್ರತ್ಯೇಕ ತಂತಿಗಳಲ್ಲಿ ಬರುವುದರಿಂದ ಬೆರೆಸಿ ಬಿಡಿಸುವ ಈ ದಂಡದ ಕೆಲಸ ತಪ್ಪುತ್ತದೆ, ರೇಷ್ಮೆ ಸೀರೆಯ ಜರಿ ಅಂಚಿನ ಮೇಲೆ ಚುಕ್ಕೆಗಳು ಹರಿದಾಡುವುದು ನಿಲ್ಲುತ್ತದೆ. ಹೈ8 (ಹ್ಯಾಂಡಿಕ್ಯಾಮುಗಳ ಸಣ್ಣ ಅನಲಾಗ್ ಟೇಪು) ಮತ್ತು ಎಸ್-ವಿಎಚ್‌ಎಸ್ ಟೇಪುಗಳಿದ್ದರೆ ಎಸ್-ವಿಡಿಯೊ ಇರುವ ಸಾಧನವನ್ನೇ ಆರಿಸಬೇಕು. ಸಾಮಾನ್ಯ ವಿಎಚ್‌ಎಸ್‌ಗೆ ಲಾಭ ಅಷ್ಟೇನೂ ದೊಡ್ಡದಲ್ಲ, ಮೇಲಾಗಿ ನಮ್ಮ ಮನೆಗಳಲ್ಲಿದ್ದ ಬಹುಪಾಲು ವಿಸಿಆರ್‌ಗಳಲ್ಲಿ ಆ ಸಾಕೆಟ್ಟೇ ಇರಲಿಲ್ಲ. ಕೆಂಪು ಬಣ್ಣ ಸೀರೆಯ ಅಂಚು ದಾಟಿ ಪಕ್ಕಕ್ಕೆ ಸೋರುವುದನ್ನು ಮಾತ್ರ ಯಾವ ಸಾಕೆಟ್ಟೂ ತಡೆಯದು. ಅದು ವಿಎಚ್‌ಎಸ್ ಪದ್ಧತಿಯ ಹುಟ್ಟುಗುಣ.

ಒಳ್ಳೆಯ ಸಾಧನದ ಇನ್ನೊಂದು ಲಕ್ಷಣವೆಂದರೆ ಬ್ರೈಟ್‌ನೆಸ್ ಮತ್ತು ಕಾಂಟ್ರಾಸ್ಟ್ ಅನ್ನು ಕ್ಯಾಪ್ಚರಿಗೆ ಮುನ್ನವೇ ಹೊಂದಿಸಲು ಬಿಡುವುದು. ಅಂದಿನ ಮದುವೆ ವಿಡಿಯೊಗಳನ್ನು ತೆಗೆದದ್ದು ಸನ್‌ಗನ್ ದೀಪದ ಕಣ್ಣು ಕುಕ್ಕುವ ಬೆಳಕಿನಲ್ಲಿ. ವರನ ಬಿಳಿ ಪಂಚೆ, ಬಾಳೆ ಎಲೆಯ ಮೇಲಿನ ಅನ್ನ, ಬೆವರಿದ ಹಣೆ, ಇವೆಲ್ಲ ಸಿಗ್ನಲ್ಲಿನ ನೆತ್ತಿಗೆ ತಾಗಿರುತ್ತವೆ. ಸಾಧನ ತನ್ನ ಮೂಲ ಹೊಂದಿಕೆಯಲ್ಲಿ ಆ ನೆತ್ತಿಯನ್ನು ಕತ್ತರಿಸಿದರೆ ಪಂಚೆಯ ಮಡಿಕೆಗಳು ಅಳಿಸಿ ಹೋಗಿ ಬರಿಯ ಬಿಳಿ ಕಲೆ ಉಳಿಯುತ್ತದೆ, ಆಮೇಲೆ ಎಡಿಟಿಂಗ್‌ನಲ್ಲಿ ಎಷ್ಟು ತಿದ್ದಿದರೂ ಅದು ಮರಳದು. ವರ್ಚುವಲ್‌ಡಬ್‌ನಂಥ ಉಚಿತ ತಂತ್ರಾಂಶದಲ್ಲಿ ಹಿಸ್ಟೊಗ್ರಾಮ್, ಅಂದರೆ ಚಿತ್ರದ ಬೆಳಕಿನ ಹಂಚಿಕೆ ತೋರಿಸುವ ನಕ್ಷೆ, ತೆರೆದಿಟ್ಟುಕೊಂಡು, ಟೇಪಿನಲ್ಲಿ ಅತ್ಯಂತ ಬೆಳಗಿರುವ ದೃಶ್ಯವನ್ನು ಓಡಿಸಿ, ತುದಿ ಗೋಡೆಗೆ ಬಡಿಯದಂತೆ ಕಾಂಟ್ರಾಸ್ಟ್ ಇಳಿಸಿದ ಬಳಿಕವೇ ಕೆಲಸ ಆರಂಭಿಸಬೇಕು.

ಟಿವಿಯ ವಿಡಿಯೊ ಇಂಟರ್‌ಲೇಸ್ ಪದ್ಧತಿಯದು, ಅಂದರೆ ಬೆಸ ಗೆರೆಗಳೂ ಸಮ ಗೆರೆಗಳೂ ಸೆಕೆಂಡಿನ ಐವತ್ತರಲ್ಲಿ ಒಂದು ಭಾಗದ ಅಂತರದಲ್ಲಿ ತೆಗೆದ ಎರಡು ಬೇರೆ ಕ್ಷಣಗಳು. ಇವನ್ನು ಬಂದ ಹಾಗೆಯೇ ಒಂದು ಫೈಲಿಗೆ ಇಳಿಸಿಕೊಂಡು, ನಂತರ ಎಫ್‌ಎಫ್‌ಎಂಪೆಗ್ ಎಂಬ ಉಚಿತ ತಂತ್ರಾಂಶದ ಬಿಡಬ್ಲ್ಯುಡಿಐಎಫ್ ಫಿಲ್ಟರ್ ಅಥವಾ ನಿಧಾನವಾದರೂ ಶ್ರೇಷ್ಠವಾದ ಕ್ಯುಟಿಜಿಎಂಸಿ ಬಳಸಿ ಸೆಕೆಂಡಿಗೆ 50 ಪೂರ್ಣ ಫ್ರೇಮುಗಳನ್ನಾಗಿ ಮಾಡಿದರೆ ಚಲನೆ ಹಳೆಯ ಟಿವಿಯಲ್ಲಿ ಇದ್ದಷ್ಟೇ ನಯವಾಗಿರುತ್ತದೆ. ಕೆಲವು ಸಾಧನಗಳು ತಾವೇ ಬುದ್ಧಿವಂತಿಕೆ ತೋರಿಸಿ ಒಳಬರುವಾಗಲೇ ಅರ್ಧ ಗೆರೆಗಳನ್ನು ಎಸೆದುಬಿಡುತ್ತವೆ, ಅಂಥವನ್ನು ಬಿಟ್ಟುಬಿಡಬೇಕು. ನೇರ ಪ್ರಸಾರಕ್ಕೆ ಸೊಗಸಾದ ಒಬಿಎಸ್ ತಂತ್ರಾಂಶವೂ ಕ್ಯಾಸೆಟ್ ಕೆಲಸಕ್ಕೆ ಒಗ್ಗುವುದಿಲ್ಲ, ಏಕೆಂದರೆ ಅದು ಎಲ್ಲವನ್ನೂ ತನ್ನದೇ ಪೂರ್ಣ ಫ್ರೇಮಿನ ಕ್ಯಾನ್ವಾಸಿನ ಮೇಲೆ ಮರುರಚಿಸುತ್ತದೆ.

ಇದೇ ಕಾರಣಕ್ಕೆ, ಮೂರು ಬಣ್ಣದ ಸಾಕೆಟ್ಟಿನಿಂದ ಎಚ್‌ಡಿಎಂಐಗೆ ಪರಿವರ್ತಿಸುವ ಅಗ್ಗದ ಬಿಳಿ ಡಬ್ಬಿಯನ್ನು ತಂದು, ಅದರ ಹಿಂದೆ ಎಚ್‌ಡಿಎಂಐ ಕ್ಯಾಪ್ಚರ್ ಕಾರ್ಡ್ ಜೋಡಿಸುವ ಜನಪ್ರಿಯ ದಾರಿಯನ್ನು ನಾನು ಯಾರಿಗೂ ಸೂಚಿಸಲಾರೆ. ಆ ಡಬ್ಬಿ 4:3 ಆಕಾರದ ಚಿತ್ರವನ್ನು 16:9ಕ್ಕೆ ಹಿಗ್ಗಿಸುತ್ತದೆ, ಇಂಟರ್‌ಲೇಸನ್ನು ಒರಟಾಗಿ ಮುರಿಯುತ್ತದೆ, 720 ಅಥವಾ 1080 ಗೆರೆಗಳಿಗೆ ಊದಿಸುತ್ತದೆ; ಈ ಮೂರರಲ್ಲಿ ಯಾವುದನ್ನೂ ಮುಂದೆ ಸರಿಯಾಗಿ ಹಿಂದಕ್ಕೆ ಪಡೆಯಲಾಗದು. ಕೆಲಸ ಸುಲಭ ಎಂಬುದೊಂದೇ ಅದರ ಹೆಗ್ಗಳಿಕೆ.

ದಾಖಲಿಸುವ ಫೈಲು ಎಫ್‌ಎಫ್‌ವಿ1 ಅಥವಾ ಹಫ್‌ವೈಯುವಿಯಂಥ ನಷ್ಟವಿಲ್ಲದ ಕೋಡೆಕ್‌ನಲ್ಲಿದ್ದರೆ (ಕೋಡೆಕ್ ಎಂದರೆ ವಿಡಿಯೊ ಕುಗ್ಗಿಸಿ ಬಿಡಿಸುವ ವಿಧಾನ) ಗಂಟೆಗೆ ಸುಮಾರು 30 ಜಿಬಿ ಬೇಕಾಗುತ್ತದೆ. ಮೂರು ಗಂಟೆಯ ಇ-180 ಕ್ಯಾಸೆಟ್ಟಿಗೆ ಮೂರು ಗಂಟೆ ಕಾಲವೂ, ತೊಂಬತ್ತು ಜಿಬಿಯ ಆಸುಪಾಸಿನ ಜಾಗವೂ ಹಿಡಿಯುತ್ತದೆ. ಇದನ್ನು ಅವಸರಿಸುವ ಯಾವ ಕಾರ್ಡೂ ಇಲ್ಲ. ಡಿಸ್ಕ್ ಎಫ್‌ಎಟಿ32 ವಿನ್ಯಾಸದಲ್ಲಿದ್ದರೆ 4 ಜಿಬಿ ದಾಟುತ್ತಲೇ ಕ್ಯಾಪ್ಚರ್ ನಿಂತುಹೋಗುವುದರಿಂದ ಎನ್‌ಟಿಎಫ್‌ಎಸ್ ಅಥವಾ ಎಕ್ಸ್‌ಫ್ಯಾಟ್ ಇರಬೇಕು. ಅಮೆರಿಕದಲ್ಲಿ ನೆಲೆಸಿದ ಬಂಧುಗಳು ಕಳುಹಿಸಿದ ಟೇಪುಗಳು ಎನ್‌ಟಿಎಸ್‌ಸಿ ಪದ್ಧತಿಯವು, 525 ಗೆರೆಗಳ, ಸೆಕೆಂಡಿಗೆ 29.97 ಫ್ರೇಮುಗಳವು. ಅವುಗಳಿಗೆ ವಿಸಿಆರ್ ಮತ್ತು ಕಾರ್ಡ್ ಎರಡೂ ಆ ಪದ್ಧತಿಯನ್ನು ಒಪ್ಪಬೇಕು, ತಂತ್ರಾಂಶದಲ್ಲಿ ಅದನ್ನೇ ಆರಿಸಬೇಕು. ಬಣ್ಣ ಹೋಗಿ ಕಪ್ಪುಬಿಳುಪು ಚಿತ್ರ ಬಂದರೆ ಮೊದಲು ಅನುಮಾನಿಸಬೇಕಾದದ್ದು ಈ ಹೊಂದಿಕೆಯನ್ನೇ. ಮಲೆನಾಡು, ಕರಾವಳಿಗಳ ತೇವದಲ್ಲಿ ಇಟ್ಟಿದ್ದ ಕ್ಯಾಸೆಟ್ಟಿನ ಕಿಟಕಿಯಲ್ಲಿ ಸುರುಳಿಯ ಮೇಲೆ ಬಿಳಿ ಬೂಷ್ಟು ಕಂಡರೆ ಅದನ್ನು ಶುಚಿಗೊಳಿಸದೆ ವಿಸಿಆರ್‌ಗೆ ಹಾಕಬಾರದು. ಹೆಡ್ ಕೆಡುವುದಲ್ಲದೆ ಮುಂದೆ ಹಾಕಿದ ಕ್ಯಾಸೆಟ್ಟುಗಳಿಗೂ ಬೂಷ್ಟು ಅಂಟುತ್ತದೆ.

ಮಿನಿಡಿವಿಗೆ ಕ್ಯಾಪ್ಚರ್ ಕಾರ್ಡೇ ಬೇಡ

ಮಿನಿಡಿವಿ ಮತ್ತು ಡಿಜಿಟಲ್8 ಟೇಪುಗಳಲ್ಲಿ ಇರುವುದು ಸೆಕೆಂಡಿಗೆ 25 ಮೆಗಾಬಿಟ್ ವೇಗದ ಡಿಜಿಟಲ್ ವಿಡಿಯೊ. ಅದನ್ನು ಫೈರ್‌ವೈರ್ ತಂತಿಯ ಮೂಲಕ ತಂದರೆ ಟೇಪಿನ ಮೇಲಿದ್ದ ಬಿಟ್ಟುಗಳೇ ಯಥಾವತ್ತಾಗಿ ಡಿಸ್ಕಿಗೆ ಇಳಿಯುತ್ತವೆ, ಗಂಟೆಗೆ ಸುಮಾರು 13 ಜಿಬಿ. ಚಿತ್ರೀಕರಿಸಿದ ದಿನಾಂಕ ಮತ್ತು ವೇಳೆ ಕೂಡ ಅದರೊಂದಿಗೇ ಬರುತ್ತವೆ. ಹಳದಿ ಸಾಕೆಟ್ಟಿನಿಂದ ತೆಗೆದರೆ ಈ ಎಲ್ಲ ಲಾಭವೂ ಮಣ್ಣುಪಾಲು. ಆದರೂ "ಡಿವಿ ಕ್ಯಾಮೆರಾ ಕ್ಯಾಪ್ಚರ್" ಎಂದು ಬರೆದ ಯುಎಸ್‌ಬಿ ಡಬ್ಬಿಗಳು ಮಾರಾಟವಾಗುತ್ತಲೇ ಇವೆ.

ಇಲ್ಲಿ ಬೇಕಾದ ಕಾರ್ಡ್ ಫೈರ್‌ವೈರ್ ಪೋರ್ಟ್ ಒದಗಿಸುವ ಸಾದಾ ಪಿಸಿಐ ಎಕ್ಸ್‌ಪ್ರೆಸ್ ಕಾರ್ಡ್ ಮಾತ್ರ. ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಚಿಪ್ ಇರುವುದು ಸಿಕ್ಕರೆ ತಕರಾರು ಕಡಿಮೆ. ಕ್ಯಾಮೆರಾದ ತುದಿಗೆ ಸಾಮಾನ್ಯವಾಗಿ 4 ಪಿನ್ನಿನ ಸಣ್ಣ ಸಾಕೆಟ್ ಇದ್ದು, ಸೋನಿ ಅದನ್ನೇ ಐ.ಲಿಂಕ್ ಎಂದು ಕರೆಯುತ್ತದೆ. ಕಾರ್ಡಿನ ತುದಿಗೆ 6 ಪಿನ್ನಿನ ದೊಡ್ಡದಿರುತ್ತದೆ. ಈಗಿನ ವಿಂಡೋಸ್‌ನಲ್ಲಿ ಮೈಕ್ರೊಸಾಫ್ಟ್‌ನ ಹಳೆಯ 1394 (ಫೈರ್‌ವೈರ್‌ನ ಇನ್ನೊಂದು ಹೆಸರು) ಡ್ರೈವರ್ ಹಾಕಿಕೊಂಡು ವಿನ್‌ಡಿವಿಯಂಥ ಪುಟ್ಟ ತಂತ್ರಾಂಶದಿಂದ, ಲಿನಕ್ಸ್‌ನಲ್ಲಿ ಡಿವಿಗ್ರ್ಯಾಬ್‌ನಿಂದ ಕೆಲಸ ಮುಗಿಯುತ್ತದೆ. ಆಪಲ್ ತನ್ನ 2025ರ ಮ್ಯಾಕ್‌ಒಎಸ್ ಟಾಹೊದಲ್ಲಿ ಫೈರ್‌ವೈರ್ ಬೆಂಬಲವನ್ನೇ ಕೈಬಿಟ್ಟಿರುವುದರಿಂದ ಮ್ಯಾಕ್ ಬಳಕೆದಾರರು ಹಳೆಯ ಯಂತ್ರವೊಂದನ್ನು ಹುಡುಕಬೇಕಾದೀತು. ಲ್ಯಾಪ್‌ಟಾಪಿನವರಿಗೆ ಎಚ್ಚರಿಕೆ: ಒಂದು ಕಡೆ ಫೈರ್‌ವೈರ್, ಇನ್ನೊಂದು ಕಡೆ ಯುಎಸ್‌ಬಿ ಇರುವ ನೂರಿನ್ನೂರು ರೂಪಾಯಿಯ ತಂತಿ ಕೆಲಸ ಮಾಡುವುದಿಲ್ಲ. ಎರಡೂ ಮಾತಾಡುವ ಭಾಷೆಗಳೇ ಬೇರೆಯಾಗಿದ್ದು, ತಾಮ್ರ ಜೋಡಿಸಿದ ಮಾತ್ರಕ್ಕೆ ಅನುವಾದವಾಗದು. ಕ್ಯಾಮೆರಾದಲ್ಲಿ ಯುಎಸ್‌ಬಿ ಸಾಕೆಟ್ ಕಂಡರೂ ಬಹುತೇಕ ಮಾದರಿಗಳಲ್ಲಿ ಅದು ಇರುವುದು ಸ್ಥಿರಚಿತ್ರಗಳಿಗೆ.

ಡಿಜಿಟಲ್8 ಕ್ಯಾಮೆರಾಗಳಲ್ಲಿ ಕೆಲವು ಹಳೆಯ ಹೈ8 ಅನಲಾಗ್ ಟೇಪನ್ನೂ ಓದಿ ಫೈರ್‌ವೈರ್ ಮೂಲಕ ಡಿವಿಯಾಗಿ ಕೊಡುತ್ತವೆ, ಜೊತೆಗೆ ಟಿಬಿಸಿಯೂ ಇರುತ್ತದೆ. ಹೈ8 ರಾಶಿ ಇಟ್ಟುಕೊಂಡವರಿಗೆ ಇದಕ್ಕಿಂತ ನೇರವಾದ ದಾರಿ ನನಗೆ ಕಾಣದು.

ಎಚ್‌ಡಿಎಂಐ ಕಾರ್ಡುಗಳ ಸಂಖ್ಯಾಶಾಸ್ತ್ರ

ಆನ್‌ಲೈನ್ ಪಾಠ, ಆಟದ ಸ್ಟ್ರೀಮಿಂಗ್, ಯಕ್ಷಗಾನ ಅಥವಾ ಸಂಗೀತ ಕಛೇರಿಯ ನೇರ ಪ್ರಸಾರ, ಇವುಗಳಿಗೆ ಬೇಕಾದದ್ದು ಎಚ್‌ಡಿಎಂಐ ಕಾರ್ಡ್. ಇಲ್ಲಿ ಸಿಗ್ನಲ್ ಸ್ಥಿರವಾಗಿರುತ್ತದೆ, ಅದರ ಗಾತ್ರವೇ ಸಮಸ್ಯೆ. 1920 × 1080 ಪಿಕ್ಸೆಲ್‌ಗಳ, ಸೆಕೆಂಡಿಗೆ 60 ಫ್ರೇಮಿನ ವಿಡಿಯೊ ಕುಗ್ಗಿಸದೆ ಬಂದರೆ ಸೆಕೆಂಡಿಗೆ ಸುಮಾರು 249 ಎಂಬಿ. ಯುಎಸ್‌ಬಿ 2.0ರ ಸೈದ್ಧಾಂತಿಕ ಮಿತಿಯೇ 480 ಮೆಗಾಬಿಟ್, ಅಂದರೆ 60 ಎಂಬಿ; ಕೈಗೆ ಸಿಗುವುದು ಅದಕ್ಕಿಂತ ಕಡಿಮೆ. ಹಾಗಾಗಿ ಸಾವಿರ ರೂಪಾಯಿಯ ಆಸುಪಾಸಿನ ಪೆನ್‌ಡ್ರೈವ್ ಗಾತ್ರದ ಸಾಧನಗಳು, ಬಹುಪಾಲು ಮ್ಯಾಕ್ರೊಸಿಲಿಕಾನ್ ಕಂಪನಿಯ ಎಂಎಸ್‌2109 ಚಿಪ್ ಇರುವಂಥವು, ಪ್ರತಿ ಫ್ರೇಮನ್ನೂ ಜೆಪೆಗ್ ಚಿತ್ರವಾಗಿ ಗಟ್ಟಿಯಾಗಿ ಅದುಮಿ ಕಳುಹಿಸುತ್ತವೆ. ಡಬ್ಬಿಯ ಮೇಲಿನ "4ಕೆ" ಒಳಗೆ ತೆಗೆದುಕೊಳ್ಳಬಲ್ಲ ಸಿಗ್ನಲ್ಲಿಗೆ ಸಂಬಂಧಿಸಿದ್ದು. ಕಂಪ್ಯೂಟರಿಗೆ ತಲುಪುವುದು 1080ರಲ್ಲಿ ಸೆಕೆಂಡಿಗೆ 30 ಫ್ರೇಮ್. ಸಾಕೆಟ್ಟಿನೊಳಗಿನ ಪ್ಲಾಸ್ಟಿಕ್ ನೀಲಿಯಾಗಿದ್ದ ಮಾತ್ರಕ್ಕೆ ಅದು ಯುಎಸ್‌ಬಿ 3.0 ಎಂದು ನಂಬುವಂತಿಲ್ಲ, ನೀಲಿ ಬಳಿದ ಯುಎಸ್‌ಬಿ 2.0 ಸಾಧನಗಳೂ ಇವೆ. ಸಂಪರ್ಕಿಸಿದ ಮೇಲೆ ಡಿವೈಸ್ ಮ್ಯಾನೇಜರ್‌ನಲ್ಲೋ ಲಿನಕ್ಸ್‌ನ ಎಲ್‌ಎಸ್‌ಯುಎಸ್‌ಬಿ ಆದೇಶದಿಂದಲೋ ನಿಜವಾದ ವೇಗ ತಿಳಿಯುತ್ತದೆ. ಎಂಎಸ್‌2109ಕ್ಕೆ ಇನ್ನೊಂದು ವಿಚಿತ್ರ ಚಾಳಿಯುಂಟು: 48 ಕಿಲೊಹರ್ಟ್ಸ್ ಸ್ಟೀರಿಯೊ ಧ್ವನಿಯನ್ನು 96 ಕಿಲೊಹರ್ಟ್ಸ್ ಮೊನೊ ಎಂದು ತಾನೇ ತಪ್ಪಾಗಿ ಪರಿಚಯಿಸಿಕೊಳ್ಳುತ್ತದೆ.

ಇಷ್ಟಾದರೂ ಇವನ್ನು ತೆಗಳಿ ಪ್ರಯೋಜನವಿಲ್ಲ. ತರಗತಿಯ ಪಾಠಕ್ಕೆ, ಸಭೆಗೆ, ಕ್ಯಾಮೆರಾವನ್ನು ವೆಬ್‌ಕ್ಯಾಮ್ ಆಗಿಸಲು ಇವು ಸಾಕು. ಯುವಿಸಿ ಎಂಬ ಸಾಮಾನ್ಯ ಮಾನಕ ಪಾಲಿಸುವುದರಿಂದ ಡ್ರೈವರಿಲ್ಲದೆ ಎಲ್ಲ ಕಂಪ್ಯೂಟರುಗಳಲ್ಲೂ ಓಡುತ್ತವೆ. ವೇಷದ ಬಣ್ಣಗಾರಿಕೆ, ವೇಗದ ಕುಣಿತ ಇರುವ ಪ್ರದರ್ಶನಕ್ಕೆ, ಮುಂದೆ ಎಡಿಟ್ ಮಾಡಬೇಕಾದ ದಾಖಲೆಗೆ ಮಾತ್ರ ನಿಜವಾದ ಯುಎಸ್‌ಬಿ 3.0 ಸಾಧನವೋ, ಡೆಸ್ಕ್‌ಟಾಪ್ ಇದ್ದರೆ ಪಿಸಿಐ ಎಕ್ಸ್‌ಪ್ರೆಸ್ ಕಾರ್ಡೋ ಬೇಕು. ಎಲ್ಗಾಟೊ, ಅವರ್‌ಮೀಡಿಯಾ ಆಟಗಾರರ ಕಡೆಗೆ ವಾಲಿದ ಕಂಪನಿಗಳು, ಮೇಜ್‌ವೆಲ್ ಮತ್ತು ಬ್ಲ್ಯಾಕ್‌ಮ್ಯಾಜಿಕ್ ವೃತ್ತಿಪರರ ಕಡೆಗೆ. ಬ್ಲ್ಯಾಕ್‌ಮ್ಯಾಜಿಕ್‌ನ ಕಾರ್ಡುಗಳು ಶುದ್ಧ ಸಿಗ್ನಲ್ಲಿಗೆ ಅದ್ಭುತವಾಗಿದ್ದರೂ ಟಿಬಿಸಿ ಇಲ್ಲದ ವಿಸಿಆರ್‌ನ ಮುಂದೆ ಬಲು ಮುನಿಸಿನವು. ಡಬ್ಬಿಯಲ್ಲಿ "ಪಾಸ್‌ಥ್ರೂ" ಎಂದು ಕಾಣುವ ಸಂಖ್ಯೆ ಟಿವಿಗೆ ಹಾದುಹೋಗುವ ಚಿತ್ರದ್ದು, "ರೆಕಾರ್ಡಿಂಗ್" ಅಥವಾ "ಕ್ಯಾಪ್ಚರ್" ಎಂದು ಇರುವುದು ಕಂಪ್ಯೂಟರಿಗೆ ಸಿಗುವುದು. ಎರಡನೆಯದನ್ನು ಹುಡುಕಿ ಓದಬೇಕು, ಅದು ಸಾಮಾನ್ಯವಾಗಿ ಸಣ್ಣಕ್ಷರದಲ್ಲಿರುತ್ತದೆ.

ರಂಗಸ್ಥಳದಿಂದ ಕಂಪ್ಯೂಟರ್ ದೂರವಿದ್ದರೆ ಸಾಮಾನ್ಯ ಎಚ್‌ಡಿಎಂಐ ತಂತಿ ಹತ್ತು ಮೀಟರಿನ ಆಚೆ ತೊಂದರೆ ಕೊಡತೊಡಗುತ್ತದೆ. ಟಿವಿ ಸ್ಟುಡಿಯೊಗಳಲ್ಲಿ ಬಳಸುವ ಎಸ್‌ಡಿಐ ತಂತಿಯಾದರೆ ಎಚ್‌ಡಿ ಚಿತ್ರವನ್ನು ನೂರು ಮೀಟರಿನ ಆಸುಪಾಸಿನವರೆಗೂ ಒಯ್ಯಬಲ್ಲದು, ಆದ್ದರಿಂದ ಹಲವು ಕ್ಯಾಮೆರಾ ಬಳಸುವವರು ಎಸ್‌ಡಿಐ ಒಳಹರಿವಿನ ಕಾರ್ಡನ್ನೇ ಆರಿಸುವುದು ಲೇಸು. ಕ್ಯಾಮೆರಾದ ಎಚ್‌ಡಿಎಂಐ ಚಿತ್ರದ ಮೇಲೆ ಬ್ಯಾಟರಿ, ಫೋಕಸ್ ಚಿಹ್ನೆಗಳು ಬರದಂತೆ ಮೆನುವಿನಲ್ಲಿ ತೆಗೆಯಲು ಬರುತ್ತದೆಯೇ ಎಂಬುದನ್ನು ಕಾರ್ಡ್ ಕೊಳ್ಳುವ ಮುನ್ನವೇ ನೋಡಿಕೊಳ್ಳಬೇಕು. ಸೆಟ್‌ಟಾಪ್ ಬಾಕ್ಸ್ ಅಥವಾ ಸ್ಟ್ರೀಮಿಂಗ್ ಸಾಧನ ಜೋಡಿಸಿದಾಗ ಕಪ್ಪು ಪರದೆ ಬಂದರೆ ಕಾರ್ಡ್ ಕೆಟ್ಟಿಲ್ಲ, ನಕಲು ತಡೆಯುವ ಎಚ್‌ಡಿಸಿಪಿ ಎಂಬ ರಕ್ಷಾಕವಚ ತನ್ನ ಕೆಲಸ ಮಾಡುತ್ತಿದೆ. ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಅಂಥ ರಕ್ಷಣೆಯನ್ನು ಮುರಿಯುವುದು ಹಕ್ಕುಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿಸಿದ 65ಎ ಕಲಮಿನ ಪ್ರಕಾರ ಶಿಕ್ಷಾರ್ಹ ಅಪರಾಧ. ಪಿಎಸ್5ನಂಥ ಆಟದ ಯಂತ್ರಗಳಲ್ಲಿ ಮಾತ್ರ ಆಟಗಳ ಮಟ್ಟಿಗೆ ಅದನ್ನು ಸೆಟ್ಟಿಂಗ್‌ನಲ್ಲೇ ನಿಲ್ಲಿಸಬಹುದು.

ಎಡಿಟಿಂಗ್‌ಗೆ ಎಷ್ಟು ಯಂತ್ರ ಬೇಕು?

ಕ್ಯಾಸೆಟ್ ಮತ್ತು ಮಿನಿಡಿವಿ ವಿಡಿಯೊ ಎಡಿಟ್ ಮಾಡಲು ಹತ್ತು ವರ್ಷ ಹಳೆಯ ಲ್ಯಾಪ್‌ಟಾಪ್ ಕೂಡ ಸಾಕು, ಹೊಸ ಗ್ರಾಫಿಕ್ಸ್ ಕಾರ್ಡಿನ ಅಗತ್ಯವಿಲ್ಲ. 4ಕೆ ವಿಡಿಯೊ ಇದ್ದರೆ 16 ಜಿಬಿ ರ‍್ಯಾಮ್, ಎಸ್‌ಎಸ್‌ಡಿ, ಮತ್ತು ಕ್ಯಾಮೆರಾ ಬಳಸುವ ಕೋಡೆಕನ್ನು ಬಿಡಿಸಬಲ್ಲ ಪ್ರೊಸೆಸರ್ ಅಥವಾ ಗ್ರಾಫಿಕ್ಸ್ ಕಾರ್ಡ್ ಬೇಕು. ಅದಿಲ್ಲದಿದ್ದರೂ ಸಣ್ಣ ಗಾತ್ರದ ಪ್ರಾಕ್ಸಿ ಪ್ರತಿಗಳಲ್ಲಿ ಎಡಿಟ್ ಮಾಡಿ ಕೊನೆಗೆ ಮೂಲದಿಂದ ರೆಂಡರ್ ಮಾಡಲು ಬಹುತೇಕ ಎಲ್ಲ ತಂತ್ರಾಂಶಗಳೂ ಅವಕಾಶ ಕೊಡುತ್ತವೆ.

ಯಾವ ಕಾರ್ಡ್ ಕೊಂಡರೂ ಹಿಂದಿರುಗಿಸುವ ಗಡುವು ಮುಗಿಯುವುದರೊಳಗೆ ಒಂದು ಪರೀಕ್ಷೆ ಆಗಬೇಕು. ಐದು ನಿಮಿಷದ ತುಣುಕಿನಲ್ಲಿ ಎಲ್ಲ ಕಾರ್ಡುಗಳೂ ಚೆನ್ನಾಗಿಯೇ ಕಾಣುತ್ತವೆ, ದೋಷ ಹೊರಬೀಳುವುದು ದೀರ್ಘ ಓಟದಲ್ಲಿ. ಹೆಚ್ಚು ಬೆಲೆಯಿಲ್ಲದ ಒಂದು ಕ್ಯಾಸೆಟ್ ಹಾಕಿ ಗಂಟೆಪೂರ್ತಿ ನಿಲ್ಲಿಸದೆ ಕ್ಯಾಪ್ಚರ್ ಮಾಡಿದರೆ ಪಾಲ್ ಪದ್ಧತಿಯಲ್ಲಿ 90,000 ಫ್ರೇಮುಗಳು ಬರಬೇಕು. ವರ್ಚುವಲ್‌ಡಬ್ ಕೈಬಿಟ್ಟ ಮತ್ತು ತುಂಬಿದ ಫ್ರೇಮುಗಳ ಲೆಕ್ಕವನ್ನು ಪಕ್ಕದಲ್ಲೇ ತೋರಿಸುತ್ತದೆ. ಬೆರಳೆಣಿಕೆಯಷ್ಟಾದರೆ ಚಿಂತೆಯಿಲ್ಲ, ನೂರರ ಮೇಲಾದರೆ ಮೊದಲು ಬೇರೆ ಯುಎಸ್‌ಬಿ ಪೋರ್ಟ್, ನಂತರ ಬೇರೆ ಕ್ಯಾಸೆಟ್, ಆಮೇಲೆ ನಡುವೆ ಡಿವಿಡಿ ರೆಕಾರ್ಡರ್ ಇಟ್ಟು ನೋಡಬೇಕು. ಕೊನೆಯ ನಿಮಿಷಕ್ಕೆ ಹೋಗಿ ಚಪ್ಪಾಳೆ ತಟ್ಟುವ ಅಥವಾ ಓಲಗದವರು ಡೋಲು ಬಡಿಯುವ ದೃಶ್ಯ ಹುಡುಕಿ, ಪೆಟ್ಟಿಗೂ ಸದ್ದಿಗೂ ತಾಳೆಯಾಗುತ್ತದೆಯೇ ಎಂದು ನೋಡಬೇಕು. ಧ್ವನಿಯನ್ನು ಕಂಪ್ಯೂಟರಿನ ಮೈಕ್ ಸಾಕೆಟ್ಟಿನಿಂದ ಪ್ರತ್ಯೇಕವಾಗಿ ತೆಗೆದುಕೊಳ್ಳುತ್ತಿದ್ದರೆ ಎರಡು ಗಡಿಯಾರಗಳ ನಡುವಣ ವ್ಯತ್ಯಾಸದಿಂದಲೇ ತಾಳ ತಪ್ಪಬಹುದಾದ್ದರಿಂದ, ಧ್ವನಿಯನ್ನೂ ಅದೇ ಕ್ಯಾಪ್ಚರ್ ಸಾಧನದ ಮೂಲಕ ತಂದು ಮತ್ತೊಮ್ಮೆ ಪರೀಕ್ಷಿಸಬೇಕು. ಇಷ್ಟಾದ ಮೇಲೂ ಡೋಲಿನ ಪೆಟ್ಟು ಮತ್ತು ಸದ್ದು ಕೂಡದಿದ್ದರೆ ಆ ಕಾರ್ಡನ್ನು ಡಬ್ಬಿಯೊಂದಿಗೆ ಹಿಂದಿರುಗಿಸಿ, ಬೇರೆ ಚಿಪ್ಪಿನದನ್ನು ತರುವುದು ಸರಿ.